ಫರಸಿ ನಾಡಿನಲ್ಲಿ ಮುಖ ಬರೆಯುತ್ತಾ

ಕಲಬುರಗಿ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ಮೊದಲ ಪಾಟಿ ಎಂದರೆ ಮನೆಯ ನೆಲವೇ. ಶಹಾಬಾದಿನ ಫರಸಿ ಹಾಸಿದ ಪಡಸಾಲೆಯಲ್ಲಿ ಬಳಪದ ಚೂರು ಹಿಡಿದು ಗುಂಡು ತಲೆ, ಕಡ್ಡಿ ಕೈಕಾಲು ಬರೆಯದ ಮಗು ನಮ್ಮ ಕಡೆ ಸಿಗುವುದು ಕಷ್ಟ. ಅವ್ವ ಒದ್ದೆ ಅರಿವೆಯಿಂದ ಒರೆಸಿದಳೆಂದರೆ ಚಿತ್ರಶಾಲೆ ಮುಚ್ಚಿತು! ಹಾಗೆ ಮುಚ್ಚಿದ್ದ ನನ್ನ ಶಾಲೆ ಮತ್ತೆ ತೆರೆದದ್ದು ನಲವತ್ತು ದಾಟಿದ ಮೇಲೆ. ಒಂದು ನೋಟುಬುಕ್ಕು, ಎರಡು ಪೆನ್ಸಿಲು ಜೋಳಿಗೆಗೆ ಹಾಕಿಕೊಂಡು ಬೆಳಗಿನ ಪ್ಯಾಸೆಂಜರ್ ಹತ್ತಿದೆ.

ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್. ಎಂ. ಪಂಡಿತರು ಮುಂಬೈಯಲ್ಲಿ ಸಿನಿಮಾ ಪೋಸ್ಟರುಗಳನ್ನೂ ದೇವಾನುದೇವತೆಗಳ ಕ್ಯಾಲೆಂಡರುಗಳನ್ನೂ ಬರೆದು ದೊಡ್ಡ ಹೆಸರಾದವರು. 1993ರಲ್ಲಿ ತೀರಿಕೊಂಡರು. ನಾನು ಮನೆಯಲ್ಲಿ ಕೂತು ಅಂಥ ಕ್ಯಾಲೆಂಡರುಗಳನ್ನೇ ನಕಲು ಮಾಡುತ್ತಿದ್ದೆ. ಮೂಗು ಬರುತ್ತಿತ್ತು, ಕಿರೀಟ ಬರುತ್ತಿತ್ತು. ಎದುರು ಕೂತ ಮನುಷ್ಯ ಮಾತ್ರ ಬರುತ್ತಿರಲಿಲ್ಲ. ಅದಕ್ಕೇ ಈ ತಿರುಗಾಟ.

ಶಹಾಬಾದಿನ ಕಲ್ಲಿನ ಗಣಿಗಳನ್ನು ನೋಡಿದವರಿಗೆ ಗೊತ್ತು, ಅಲ್ಲಿ ಸುಣ್ಣಗಲ್ಲು ಪುಸ್ತಕದ ಹಾಳೆಗಳಂತೆ ಪದರ ಪದರವಾಗಿ ಮಲಗಿದೆ. ಸಂದಿಗೆ ಉಳಿ ಕೊಟ್ಟು, ಹಾರೆ ಹಾಕಿ ಮೀಟಿದರೆ ಒಂದೊಂದೇ ಹಾಳೆ ಏಳುತ್ತದೆ. ಮಧ್ಯಾಹ್ನ ರೊಟ್ಟಿ ಬಿಚ್ಚಿ ಕೂತಿದ್ದ ಹಿರಿಯ ಕೆಲಸಗಾರನೊಬ್ಬನನ್ನು ಕೇಳಿಕೊಂಡು ಬರೆಯತೊಡಗಿದೆ. ಬಿಸಿಲಿಗೆ ಸುಟ್ಟ ಮುಖ, ಮೊಣಕಾಲ ಮೇಲೆ ಇಳಿಬಿಟ್ಟ ಕೈ. ಅರ್ಧ ತಾಸು ಬೆವರು ಸುರಿಸಿ ತೋರಿಸಿದೆ. ಮುಖದ ಬಗ್ಗೆ ಅವನೇನೂ ಅನ್ನಲಿಲ್ಲ. ಕೈಯ ಮೇಲೆ ಬೆರಳಿಟ್ಟು, "ಸಾಹೇಬ್ರ, ನನಗ ನಾಕೇ ಅವ. ಐದನೇದು ಎಲ್ಲಿಂದ ತಂದ್ರಿ?" ಅಂದ.

ತಲೆ ಎತ್ತಿ ನೋಡಿದೆ. ಬಲಗೈಯ ಕಿರುಬೆರಳು ಬುಡದಿಂದಲೇ ಇರಲಿಲ್ಲ. ಕಲ್ಲು ಬಿದ್ದು ಹೋದದ್ದಂತೆ. ಅರ್ಧ ತಾಸು ಅದೇ ಕೈಯನ್ನು ನೋಡಿದ್ದೆನಲ್ಲ! ನೋಡಿರಲಿಲ್ಲ. ಕೈಗೆ ಐದು ಬೆರಳು ಎಂದು ಗೊತ್ತಿತ್ತು, ಗೊತ್ತಿದ್ದದ್ದನ್ನೇ ಬರೆದಿದ್ದೆ. ನಾಚಿಕೆಯಾಗಿ ರಬ್ಬರು ತೆಗೆದೆ. ಅಳಿಸಿ ಮುಗಿಯುವವರೆಗೂ ಅವನು ರೊಟ್ಟಿ ಮುರಿಯದೆ ನೋಡುತ್ತಿದ್ದ. "ಈಗ ನಂದು" ಅಂದ.

ವಾಡಿ ಜಂಕ್ಷನ್ ಕಲಿಯುವವರ ಪಾಲಿಗೆ ಬಿಟ್ಟಿ ಶಾಲೆ. ಮುಂಬೈ–ಚೆನ್ನೈ ಹಾದಿಯಿಂದ ಸಿಕಂದರಾಬಾದಿನ ಕಡೆಗೆ ಗಾಡಿ ಕವಲೊಡೆಯುವುದು ಇಲ್ಲಿಯೇ. ಗಾಡಿ ಕಾಯುವವರು ಮಲಗಿರುತ್ತಾರೆ, ಮಲಗಿದವರು ಅಲುಗುವುದಿಲ್ಲ! ಎದ್ದು ಕೂತವರಾದರೆ ಅವಸರದಲ್ಲಿ ಬರೆಯಬೇಕು: ಮೊದಲು ಬೆನ್ನಿನ ಬಾಗು, ಆಮೇಲೆ ಭಾರ ಯಾವ ಕಾಲಿನ ಮೇಲಿದೆ ಎಂಬುದು, ಮುಖ ಕಡೆಗೆ. ನಾನು ಮುಖದಿಂದ ಶುರುಮಾಡಿ ಕಿವಿ ಮುಗಿಸುವಷ್ಟರಲ್ಲಿ ಎಷ್ಟೋ ಜನ ಗಾಡಿ ಹತ್ತಿಹೋದರು. ಬುಕ್ಕಿನ ತುಂಬ ಬರೀ ರುಂಡಗಳು.

ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಒಂದು ಕಾಲಕ್ಕೆ ದೊಡ್ಡ ಘಟಿಕಾಸ್ಥಾನವಿತ್ತು. ಪುಸ್ತಕ ಭಂಡಾರ ನೋಡಿಕೊಳ್ಳುವುದಕ್ಕೇ ಆರು ಜನರಿದ್ದರೆಂದು 1058ರ ಶಾಸನ ಹೇಳುತ್ತದೆ. ಆದರೆ ನನ್ನನ್ನು ಎಳೆದದ್ದು ಅದೇ ತಾಲ್ಲೂಕಿನ ಭೀಮೆಯ ದಂಡೆ. ಸನ್ನತಿಯ ಹತ್ತಿರದ ಕನಗನಹಳ್ಳಿಯಲ್ಲಿ 1994ರಿಂದಾಚೆಗೆ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧ ಸ್ತೂಪವೊಂದರ ಅವಶೇಷ ಹೊರಬಂತು. ಅಲ್ಲಿಯ ಒಂದು ಫಲಕದಲ್ಲಿ ರಾಜ, ರಾಣಿ, ಕೊಡೆ ಚಾಮರ ಹಿಡಿದ ಹೆಂಗಸರು. ಮೇಲೆ ಬ್ರಾಹ್ಮಿಯಲ್ಲಿ ಬರೆದಿದೆ: 'ರಾಯೋ ಅಸೋಕೋ'. ಸಾಮ್ರಾಟ ಅಶೋಕ!

ಕಲ್ಲು ಇದೇ ಸೀಮೆಯ ಸುಣ್ಣಗಲ್ಲು. ಶಿಲ್ಪಿ ಬದುಕಿದ್ದು ಅಶೋಕ ಸತ್ತು ತಲೆಮಾರುಗಳೇ ಉರುಳಿದ ಮೇಲೆ. ಅವನು ಅಶೋಕನನ್ನು ಕಂಡವನಲ್ಲ. ಇದು ಅಶೋಕನ ಮುಖವೇ ಎಂದು ನಾವು ಬೀಗುತ್ತೇವೆ. ಆದರೆ ಆ ನಾಲ್ಕೈದು ಅಕ್ಷರ ಇಲ್ಲದಿದ್ದರೆ ಅವನು ಯಾವ ರಾಜನಾದರೂ ಆಗಬಹುದಿತ್ತು. ಚಿತ್ರ ಹೋಲದಿದ್ದಾಗ ಕೆಳಗೆ ಹೆಸರು ಬರೆಯುವ ನನ್ನ ಚಾಳಿಗೆ ಇಷ್ಟು ಹಳೆಯ ಆಧಾರ ಸಿಕ್ಕಿದ್ದಕ್ಕೆ ಒಳಗೊಳಗೇ ಖುಷಿಪಟ್ಟೆ.

ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡ ದಾಟಿದರೆ ಸೇಡಂ. ತೊಗರಿಯ ಮೂಟೆಗಳ ನಡುವೆ ರುಮಾಲಿನ ರೈತರು. ತಲೆಯ ಎತ್ತರದ ಸರಿಯರ್ಧಕ್ಕೆ ಕಣ್ಣು ಬರುತ್ತವೆ ಎಂಬುದು ಕಲಿಯುವವರ ಮೊದಲ ಪಾಠ. ರುಮಾಲನ್ನೂ ತಲೆಯೆಂದೇ ಅಳೆದ ನನ್ನ ಪೆನ್ಸಿಲು ಪಾಪ, ಕಣ್ಣುಗಳನ್ನು ಹಣೆಗೆ ಏರಿಸಿತ್ತು! ಸುತ್ತ ಸೇರಿದ ಹುಡುಗರು ನಕ್ಕದ್ದು ನ್ಯಾಯವೇ.

ಚಿಂಚೋಳಿಗೆ ರೈಲಿಲ್ಲ, ಸೇಡಮಿನಿಂದ ಬಸ್ಸು. ಚಂದ್ರಂಪಳ್ಳಿ ಕೆರೆ, ಅದರ ಸುತ್ತಿನ ಕಾಡು ನೋಡಿ ಬರುವಷ್ಟರಲ್ಲಿ ಸಂಜೆಯಾಗಿತ್ತು. ಬಸ್ ನಿಲ್ದಾಣದ ಕಟ್ಟೆಯ ಮೇಲೆ ಮುದುಕಿಯೊಬ್ಬಳು ಎಲೆ ಅಡಿಕೆ ಮೆಲ್ಲುತ್ತ ಕೂತಿದ್ದಳು. "ಬರೀಲೇನಬೇ ಯವ್ವಾ?" ಅಂದೆ. "ಬರೀಪ್ಪಾ, ಬಸ್ಸರ ಎಲ್ಲಿ ಬಂದದ" ಅಂದಳು. ಈ ಸಲ ಬೆನ್ನಿನಿಂದ ಶುರುಮಾಡಿದೆ. ಬೆರಳು ಎಣಿಸಿದೆ. ಸೆರಗಿನ ಅಂಚಿನಡಿ ತಲೆ ಎಲ್ಲಿ ಮುಗಿಯುತ್ತದೆಂದು ಅಂದಾಜು ಮಾಡಿದೆ. ಆದರೂ ಹೋಲಲಿಲ್ಲ. ಕೆನ್ನೆ ತುಂಬಿಕೊಂಡಿತು, ತುಟಿಯಲ್ಲಿ ಇಲ್ಲದ ನಗು ಬಂತು.

ಮುದುಕಿ ಬುಕ್ಕನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದಳು. "ಇದು ನಾ ಅಲ್ಲ" ಅಂದಳು. ಪೆನ್ಸಿಲು ಜೋಳಿಗೆಗೆ ಇಳಿಸುತ್ತಿದ್ದೆ. "ನಮ್ಮಕ್ಕ ಇದ್ದಂಗದ. ಅಕಿ ಹೋಗಿ ಭಾಳ ವರ್ಷ ಆತು. ಒಂದು ಫೋಟೋ ಸುದ್ದ ಇಲ್ಲ." ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಳಿ ಕೊಡ್ತೀ ಏನಪ್ಪಾ?" ಎಂದು ಕೇಳಿದಳು.

ಕೆಳಗೆ ಹೆಸರು ಬರೆಯಲೇ ಅಂದೆ. ಬೇಡವೆಂದಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆಯ ಸಂಚಿಯೊಳಗೆ ಇಟ್ಟುಕೊಳ್ಳುವಷ್ಟರಲ್ಲಿ ಅವಳ ಬಸ್ಸು ಬಂತು.