ಹೆಬ್ಬೆರಳಿನಲ್ಲೊಂದು ಸಾಂಬಾ

ಬ್ರೆಜಿಲ್‌ನ ಬೊಸಾ ನೋವಾ ಸಂಗೀತದ ಗಿಟಾರಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಬಲಗೈ ಹೆಬ್ಬೆರಳಿನ ನಡೆ. ರಿಯೊ ದ ಜನೈರೊದ ಸಾಂಬಾ ಮೇಳದಲ್ಲಿ ಸುರ್ದು ಎಂಬ ದೊಡ್ಡ ಚರ್ಮವಾದ್ಯ ತಾಳ ಹೊತ್ತು ಸಾಗುತ್ತದೆ. ತಂಬೊರಿಂ ಎಂಬ ಪುಟ್ಟ ವಾದ್ಯ ಅದರ ಮೇಲೆ ಎಡೆಪೆಟ್ಟುಗಳನ್ನು ಹೆಣೆಯುತ್ತದೆ. ಬೊಸಾ ನೋವಾದಲ್ಲಿ ಈ ಎರಡೂ ನೈಲಾನ್ ತಂತಿಯ ಒಂದೇ ಗಿಟಾರಿಗೆ ಬಂದು ಸೇರುತ್ತವೆ. ಹೆಬ್ಬೆರಳು ಐದನೆಯ ಇಲ್ಲವೇ ಆರನೆಯ ತಂತಿಯಲ್ಲಿ ಸುರ್ದುವಿನ ಪೆಟ್ಟು ಹಾಕುತ್ತದೆ. ತೋರುಬೆರಳು, ನಡುಬೆರಳು, ಉಂಗುರಬೆರಳು ಮೂರು ತಂತಿಗಳನ್ನು ಒಟ್ಟಿಗೇ ಮೀಟಿ ತಂಬೊರಿಂ ಆಗುತ್ತವೆ.

ಒಂದು ಮೇಳವನ್ನು ಹೀಗೆ ಒಂದು ಕೈಗೆ ಅಡಕ ಮಾಡಿದವರು ಜೊವಾವ್ ಜಿಲ್ಬರ್ಟೊ. ಬಾಹಿಯಾ ರಾಜ್ಯದ ಜುವಾಜೇರೊದಲ್ಲಿ 1931ರಲ್ಲಿ ಹುಟ್ಟಿದವರು. ರಿಯೊದಲ್ಲಿ ನೆಲೆ ಸಿಗದೆ ಐವತ್ತರ ದಶಕದ ನಡುವೆ ಡಯಮಾಂಟಿನಾ ಎಂಬ ಊರಿನ ಸಹೋದರಿಯ ಮನೆ ಸೇರಿದರು. ಅಲ್ಲಿನ ಬಚ್ಚಲುಮನೆಯಲ್ಲಿ ನಾದ ಚೆನ್ನಾಗಿ ಅನುರಣಿಸುತ್ತಿದ್ದುದರಿಂದ ಒಳಗೇ ಕೂತು ಗಂಟೆಗಟ್ಟಲೆ ಅಭ್ಯಾಸ ಮಾಡಿದರು. ದನಿ ತಗ್ಗಿಸಿ, ಕಂಪನವಿಲ್ಲದೆ, ಮಾತಾಡುವಷ್ಟೇ ಸಲೀಸಾಗಿ ಹಾಡುವುದನ್ನು ಅವರು ಸಾಧಿಸಿದ್ದು ಈ ಕಾಲದಲ್ಲೇ. ಟಾಮ್ ಜೋಬಿಂ ಸ್ವರ ಹಾಕಿ, ವಿನೀಸಿಯಸ್ ದಿ ಮೊರಾಯಿಸ್ ಸಾಹಿತ್ಯ ಬರೆದ ‘ಶೇಗಾ ದಿ ಸೌದಾದಿ’ಯನ್ನು 1958ರಲ್ಲಿ ಅವರು ಧ್ವನಿಮುದ್ರಿಸಿದಾಗ ಬ್ರೆಜಿಲ್‌ನ ಹಾಡಿನ ದಾರಿಯೇ ತಿರುಗಿತು. ಅದೇ ದಶಕದಲ್ಲಿ ಕಾರ್ಲೊಸ್ ಲೀರಾ, ರೊಬರ್ಟೊ ಮೆನೆಸ್ಕಾಲ್ ಎಂಬ ಇಬ್ಬರು ತರುಣರು ರಿಯೊದ ಕೋಪಕಬಾನಾದಲ್ಲಿ ಗಿಟಾರ್ ಶಾಲೆ ನಡೆಸುತ್ತಿದ್ದರು. ಗಾಯಕಿ ನಾರಾ ಲಿಯಾವ್ ಅವರ, ಸಮುದ್ರಕ್ಕೆ ಮುಖ ಮಾಡಿದ್ದ ಫ್ಲ್ಯಾಟ್‌ನಲ್ಲಿ ಗೆಳೆಯರು ಕೂಡಿ ನುಡಿಸುತ್ತಿದ್ದರು. ಪುಟ್ಟ ಕೋಣೆ, ಹತ್ತಿರದ ಮೈಕು, ತಗ್ಗಿದ ದನಿ: ಈ ಸಂಗೀತ ಬೆಳೆದದ್ದೇ ಇವುಗಳ ನಡುವೆ. ಕೋಣೆಯಲ್ಲಿ ಲ್ಯಾಪ್‌ಟಾಪ್ ಮುಂದಿಟ್ಟು ಇದನ್ನು ಕಲಿಯುವುದೂ ಕಲಿಸುವುದೂ ನನಗೆ ತೀರ ಸಹಜವೆನಿಸುವುದು ಅದಕ್ಕೇ.

ನನ್ನ ಗುರುಗಳು ರಿಯೊದಲ್ಲಿದ್ದಾರೆ. ಅಲ್ಲಿಗೂ ಇಲ್ಲಿಗೂ ಎಂಟೂವರೆ ಗಂಟೆಯ ಅಂತರ. ಅವರು ಬೆಳಗಿನ ಕಾಫಿ ಮುಗಿಸಿ ಕೂರುವಾಗ ನಮ್ಮ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಅವರಿಂದ ಕಲಿತದ್ದನ್ನು ನಾನು ಇಲ್ಲಿನ ಒಂದಿಬ್ಬರಿಗೆ, ಅದೂ ಆನ್‌ಲೈನ್‌ನಲ್ಲೇ, ಹೇಳಿಕೊಡುತ್ತೇನೆ. ಹೊಸದಾಗಿ ಸೇರಿದವರು ಮೊದಲು ಕೇಳುವುದು ಒಂದೇ: “ಸರ್, ಇಬ್ಬರೂ ಒಟ್ಟಿಗೆ ನುಡಿಸೋಣ್ವಾ?” ಅದು ಆಗದ ಮಾತು. ನನ್ನ ಪೆಟ್ಟು ಅವರನ್ನು ತಲುಪಲು ಒಂದು ಚೂರು ಹೊತ್ತು ಬೇಕು, ಅವರದು ನನಗೆ ಮರಳಲು ಇನ್ನೊಂದು ಚೂರು. ಆ ಚೂರುಗಳಲ್ಲಿ ತಾಳ ಕದಡಿಹೋಗುತ್ತದೆ. ಆದ್ದರಿಂದ ನಾನು ನುಡಿಸಿ ನಿಲ್ಲಿಸುತ್ತೇನೆ, ಅವರು ಒಬ್ಬರೇ ನುಡಿಸುತ್ತಾರೆ. ಒರಗಿಕೊಳ್ಳಲು ಗುರುವಿನ ತಾಳವಿಲ್ಲದ ಆ ಹೊತ್ತಿನಲ್ಲಿ ಅವರ ಹೆಬ್ಬೆರಳೇ ತಾಳ ಹೊರಬೇಕು. ಜಿಲ್ಬರ್ಟೊ ಬಚ್ಚಲುಮನೆಯಲ್ಲಿ ಒಬ್ಬರೇ ಕೂತು ಗಳಿಸಿದ್ದೂ ಇದನ್ನೇ. ದೂರವೇ ಇಲ್ಲಿ ಅರ್ಧ ಪಾಠ ಹೇಳುತ್ತದೆ.

ಮಿಕ್ಕರ್ಧಕ್ಕೆ ಸ್ವಲ್ಪ ಸಿದ್ಧತೆ ಬೇಕು. ವಿಡಿಯೊ ಕರೆಯ ಆ್ಯಪ್‌ಗಳು ಮಾತಿಗೆಂದು ಆದವು. ನಿಂತು ಮೊಳಗುವ ತಂತಿಯ ನಾದವನ್ನು ಗದ್ದಲವೆಂದು ಬಗೆದು ಅಳಿಸಿಬಿಡುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ಆ ಸದ್ದಡಗಿಸುವ ಸೌಕರ್ಯವನ್ನು ಆಫ್ ಮಾಡಿದರೆ ಬೇಸ್ ತಂತಿ ತುಂಬು ದನಿಯಲ್ಲಿ ಕೇಳುತ್ತದೆ. ಕ್ಯಾಮೆರಾ ಬಲಗೈಗೆ ತಿರುಗಿರಲಿ. ಎಡಗೈಯ ಕಾರ್ಡ್ (ಸ್ವರಗುಚ್ಛ) ಚಿತ್ರ ಪುಸ್ತಕದಲ್ಲೂ ಸಿಗುತ್ತದೆ, ಮೀಟುವ ಬೆರಳಿನ ಬಿಗುವು, ಸಡಿಲ ಕಣ್ಣಿಗೇ ಬೀಳಬೇಕು. ಜಿಲ್ಬರ್ಟೊ ಅವರ ರೆಕಾರ್ಡಿಂಗನ್ನು ಅರ್ಧ ವೇಗಕ್ಕಿಳಿಸಿ ಕೇಳುವ ಸುಖವಂತೂ ಬೇರೆಯೇ. ಗಿಟಾರ್ ಗಡಿಯಾರದಂತೆ ನಡೆಯುತ್ತಿರುವಾಗ ಅವರ ದನಿ ಒಮ್ಮೆ ಅದಕ್ಕಿಂತ ಮುಂದೆ, ಒಮ್ಮೆ ಹಿಂದೆ ತೇಲುವುದು ಅಲ್ಲಿ ನಿಚ್ಚಳವಾಗಿ ಕೇಳುತ್ತದೆ.

ಕಾರ್ಡ್ ಬದಲಾಗುವುದು ಎಷ್ಟೋ ಕಡೆ ಹೊಸ ಆವರ್ತ ಶುರುವಾಗುವ ಒಂದು ಕಿರುಪೆಟ್ಟು ಮೊದಲೇ. ಕರ್ನಾಟಕ ಸಂಗೀತ ಕಲಿತು ಬಂದವರಿಗೆ ನಾನು ಎತ್ತುಗಡೆಯನ್ನು ನೆನಪಿಸುತ್ತೇನೆ. ಸಮಕ್ಕೆ ಮೊದಲೇ ಪಲ್ಲವಿ ಎತ್ತಿಕೊಂಡು ಅಭ್ಯಾಸವಿರುವ ಅವರಿಗೆ ಇದು ಬೇಗ ಹಿಡಿಯುತ್ತದೆ. ಆಮೇಲೆ ‘ಸಾಂಬಾ ದಿ ಉಮಾ ನೋಟಾ ಸೋ’ ಕಲಿಸುತ್ತೇನೆ. ಜೋಬಿಂ ಅವರ ಈ ಹಾಡಿನ ಮೊದಲ ಸಾಲುಗಳಲ್ಲಿ ಹಾಡುಗಾರ ಒಂದೇ ಸ್ವರದ ಮೇಲೆ ನಿಂತಿರುತ್ತಾನೆ. ಕೆಳಗೆ ಬೇಸ್ ಅರ್ಧರ್ಧ ಸ್ವರವಾಗಿ ಇಳಿಯುತ್ತದೆ. ಕದಲದ ಆ ಸ್ವರಕ್ಕೆ ಪ್ರತಿ ಕಾರ್ಡ್‌ನಲ್ಲೂ ಬೇರೆ ಬಣ್ಣ ಬರುತ್ತದೆ. ಸಂಗತಿಯನ್ನು ಸ್ವರದಲ್ಲೇ ಹುಡುಕುವ ನಮ್ಮ ಕಿವಿಗೆ ಇದು ಹೊಸ ರುಚಿ, ಎಷ್ಟು ಸಲ ಕೇಳಿದರೂ ನನಗೆ ಹಳಸಿಲ್ಲ.

ಕಲಿಯುವ ಆಸೆಯಿದ್ದರೆ ನೈಲಾನ್ ತಂತಿಯ ಗಿಟಾರೊಂದನ್ನು ಹಿಡಿಯಿರಿ, ಜಿಲ್ಬರ್ಟೊ ಅವರ 1959ರ ಮೊದಲ ಆಲ್ಬಮ್ ಕೇಳಿ. ಕಾರ್ಡ್‌ಗಳಿಗೆ ಅವಸರ ಮಾಡಬೇಡಿ. ಒಂದೇ ಕಾರ್ಡ್ ಹಿಡಿದು, ಮೆಲ್ಲಗೆ, ಹೆಬ್ಬೆರಳು ತಾನಾಗಿ ನಡೆಯುವವರೆಗೆ ಮೀಟುತ್ತಿರಿ. ಬೆರಳು ಪಳಗಿದ ಮೇಲೆ, ಗುರು ಎಷ್ಟು ದೂರವಿದ್ದರೂ ಪಾಠ ಸಾಗುತ್ತದೆ.