ಹೊಳೆ ದಂಡೆಯ ಊರು ಹೇಳದೆ ಉಳಿದದ್ದು

ಸಣ್ಣ ಊರುಗಳ ಚರಿತ್ರೆಯನ್ನು ಆ ಊರಿನವರು ಬರೆದದ್ದು ಕಡಿಮೆ. ದತ್ತಿ ಬಿಟ್ಟ ಅಧಿಕಾರಿ ಕಲ್ಲಿನ ಮೇಲೆ ಬರೆಸಿದ, ದಂಡೆತ್ತಿ ಬಂದ ಸೇನಾಪತಿ ಕಾಗದದಲ್ಲಿ ಬರೆದ, ಕರಾರು ಮಾಡಿಕೊಂಡ ದೊರೆ ದಫ್ತರದಲ್ಲಿ ಬರೆಸಿದ. ಸವದತ್ತಿ ತಾಲೂಕಿನ ಮುನವಳ್ಳಿಯ ಬಗ್ಗೆ ಓದಿದಷ್ಟೂ ಈ ಮಾತು ನನ್ನ ಮನಸ್ಸಿನಲ್ಲಿ ಗಟ್ಟಿಯಾಗುತ್ತ ಬಂದಿದೆ.

ಸುತ್ತ ಜೋಳ, ಹತ್ತಿ, ಕಡಲೆ ಬೆಳೆಯುವ ಎರಿ ಹೊಲ. ಪಕ್ಕದಲ್ಲಿ ಮಲಪ್ರಭೆ. ಹೊಳೆಯ ದಂಡೆಗೆ ಹಳೆಯ ಕೋಟೆ, ಊರಿಗೆ ಪಂಚಲಿಂಗೇಶ್ವರನ ಗುಡಿ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಸೇವುಣರು ಈ ನಾಡನ್ನು ಆಳುತ್ತಿದ್ದಾಗ ಸಿಂಘಣನ ಕಾಲದಲ್ಲೂ ಅವನ ಮೊಮ್ಮಗ ಕನ್ಹರನ ಕಾಲದಲ್ಲೂ ಇಲ್ಲಿ ಶಾಸನಗಳು ಹುಟ್ಟಿದವು. ಆಗ ಈ ಸೀಮೆ ತೊರಗಲೆ ನಾಡಿಗೆ ಸೇರಿತ್ತು. ಆ ಕಲ್ಲುಗಳನ್ನು ಓದಿ ಅಚ್ಚು ಹಾಕಿಸಿದವನು ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಅಧಿಕಾರಿ ಜೆ.ಎಫ್. ಫ್ಲೀಟ್. ಅವನ ಶ್ರಮಕ್ಕೆ ನಾವು ಋಣಿಗಳು. ಆದರೆ ಗುಡಿ ಕಟ್ಟಿದ ಕಲ್ಲುಕುಟಿಗರು ಯಾರು, ದತ್ತಿಯ ಹೊಲ ಉತ್ತವರು ಯಾರು ಎಂದು ಕೇಳಿದರೆ ಮಾತು ನಿಂತುಹೋಗುತ್ತದೆ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು 1800ರ ಜುಲೈ 30. ಚನ್ನಗಿರಿಯ ಧೋಂಡಿಯಾ ವಾಘ ಟಿಪ್ಪುವಿನ ಸೆರೆಯಲ್ಲಿದ್ದವನು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದು ಸೈನ್ಯ ಕಟ್ಟಿದ. ಅವನ ಬೆನ್ನು ಹತ್ತಿ ಬಂದವನು ಇಂಗ್ಲಿಷರ ಸೇನಾಪತಿ ಆರ್ಥರ್ ವೆಲ್ಲೆಸ್ಲಿ. ಜುಲೈ 26ರಂದು ಡಂಬಳದ ಕೋಟೆ ಹಿಡಿದು, ನಾಲ್ಕೇ ದಿನಕ್ಕೆ ಮಲಪ್ರಭೆಯ ದಂಡೆ ಮುಟ್ಟಿದ. ಮುನವಳ್ಳಿಯ ಎದುರಿಗೆ ಧೋಂಡಿಯಾನ ದಂಡಿನ ಒಂದು ಭಾಗ ಬೀಡುಬಿಟ್ಟಿತ್ತು. ಮಳೆಗಾಲದ ಹೊಳೆ ತುಂಬಿ ಹರಿಯುತ್ತಿತ್ತು. ಹಿಂದೆ ಕುದುರೆ ಸವಾರರು, ಮುಂದೆ ನೀರು. ಸುಮಾರು 5,000 ಜನ ಹೊಳೆಗೆ ತಳ್ಳಲ್ಪಟ್ಟು ಮುಳುಗಿದರೆಂದು ವೆಲ್ಲೆಸ್ಲಿಯೇ ತನ್ನ ಗೆಳೆಯ ಥಾಮಸ್ ಮನ್ರೋಗೆ ಬರೆದ.

ಆ ಕಾಲದ ದಂಡು ಎಂದರೆ ಬರೀ ಸಿಪಾಯಿಗಳಲ್ಲ. ಹೆಂಗಸರು, ಮಕ್ಕಳು, ಎತ್ತಿನ ಮೇಲೆ ಕಾಳು ಹೇರಿಕೊಂಡು ಬರುವವರು, ಕುದುರೆಗೆ ಹುಲ್ಲು ತರುವವರು, ಎಲ್ಲರೂ ಅದರ ಜೊತೆಗಿರುತ್ತಿದ್ದರು. ಹಾಗೆ ಸತ್ತವರಲ್ಲಿ ಒಬ್ಬರ ಹೆಸರೂ ನಮಗೆ ಸಿಕ್ಕಿಲ್ಲ. ಸೆಪ್ಟೆಂಬರ್ 10ರಂದು ಧೋಂಡಿಯಾ ಕೋಣಗಲ್ಲಿನಲ್ಲಿ ಕೊಲ್ಲಲ್ಪಟ್ಟ. ಅವನ ಎಳೆಯ ಮಗನನ್ನು ವೆಲ್ಲೆಸ್ಲಿ ಸಾಕಿಸಿದ್ದನ್ನು ಚರಿತ್ರೆಕಾರರು ಮೆಚ್ಚಿ ಬರೆದಿದ್ದಾರೆ. ಹದಿನೈದು ವರ್ಷಗಳ ನಂತರ ವಾಟರ್ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಇದೇ ವೆಲ್ಲೆಸ್ಲಿ. ಅವನ ಜೀವನಚರಿತ್ರೆಗಳಲ್ಲಿ ನಮ್ಮ ಹೊಳೆಯ ಸಾವುಗಳಿಗೆ ಸಿಗುವುದು ಒಂದೆರಡು ಸಾಲು.

ಮುಂದೆ ಪೇಶ್ವೆಯ ಆಳ್ವಿಕೆ ಮುಗಿದ ಮೇಲೆ ಇಂಗ್ಲಿಷರು ಚಿಕ್ಕೋಡಿ ಮತ್ತು ಮನೋಳಿ ತಾಲೂಕುಗಳನ್ನು ಕೊಲ್ಹಾಪುರದ ದೊರೆಗೆ ಕೊಟ್ಟರು, 1827ರ ಹೊತ್ತಿಗೆ ಮರಳಿ ಕಿತ್ತುಕೊಂಡರು. ಮನೋಳಿ ಎಂದರೆ ಅವರ ದಫ್ತರದ ಮುನವಳ್ಳಿ. ಊರು ಕೈ ಬದಲಾಯಿಸಿತು, ಊರಿನವರನ್ನು ಯಾರೂ ಕೇಳಲಿಲ್ಲ.

1972ರ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟು ಮುಗಿದು, ಹೊಳೆಗೆ ಕಡಿವಾಣ ಬಿತ್ತು. ಆದರೂ 2019ರ ಆಗಸ್ಟಿನಲ್ಲಿ ಅಣೆಕಟ್ಟು ತುಂಬಿ ನೀರು ಬಿಟ್ಟಾಗ ಕೆಳಗಿನ ಮುನವಳ್ಳಿ, ರಾಮದುರ್ಗಗಳ ಮನೆಗಳಿಗೆ ಹೊಳೆ ನುಗ್ಗಿತು. ಆ ನೆನಪುಗಳನ್ನು ಹೊತ್ತವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಓಣಿಗೆ ಮೊದಲು ನೀರು ಬಂತು, ದನಗಳನ್ನು ಎಲ್ಲಿ ಕಟ್ಟಿದರು, ಯಾರು ಯಾರಿಗೆ ರೊಟ್ಟಿ ಕೊಟ್ಟರು, ಇದೆಲ್ಲ ಅವರಿಗೆ ಗೊತ್ತು. ಇವತ್ತು ಬರೆದಿಡದಿದ್ದರೆ ಇದೂ ಸರ್ಕಾರಿ ವರದಿಯ ಒಂದು ಅಂಕಿಯಾಗಿ ಉಳಿಯುತ್ತದೆ.

ಚರಿತ್ರೆ ಎಂದರೆ ಗೆದ್ದವರ ಪತ್ರ ಮಾತ್ರವಲ್ಲ ಎಂದು ನಾನು ನಂಬುತ್ತೇನೆ. ಊರಿನ ಶಾಲೆಯ ಮಕ್ಕಳು ಪಂಚಲಿಂಗೇಶ್ವರನ ಶಾಸನದ ಮುಂದೆ ನಿಂತು ಅದರ ಅರ್ಥ ಕೇಳಲಿ. ಹೊಳೆಯ ದಂಡೆಗೆ 1800ರ ಸಾವುಗಳನ್ನು ನೆನೆಯುವ ಒಂದು ಕಲ್ಲು ನಿಲ್ಲಲಿ. ಮತ್ತೆ ನೀವು, ಮುನವಳ್ಳಿಯವರೇ ಆಗಲಿ, ಬೇರೆ ಯಾವ ಊರಿನವರೇ ಆಗಲಿ, ಮನೆಯ ಹಿರಿಯರ ಹತ್ತಿರ ಕುಳಿತು ಅವರು ಹೇಳಿದ್ದನ್ನು ಇಸವಿ, ಹೆಸರುಗಳ ಸಮೇತ ಬರೆದಿಡಿ. ನಿಮ್ಮ ಊರಿನ ಚರಿತ್ರೆಯನ್ನು ನೀವು ಬರೆಯದೆ ಇನ್ನೊಬ್ಬರು ಬರೆದುಕೊಡುವುದಿಲ್ಲ.