28 ಗಂಟೆಯ ದಿನ

ಪೈ ಚಾರ್ಟ್ ಬೇಕು ಅಂದ್ರೆ ಈಗ ನಾವ್ಯಾರೂ ಕೈವಾರ, ಕೋನಮಾಪಕ ಹುಡುಕೋದಿಲ್ಲ. ಎಕ್ಸೆಲ್‌ನಲ್ಲಿ ಎರಡು ಕಾಲಂ ಸೆಲೆಕ್ಟ್ ಮಾಡಿ ಕ್ಲಿಕ್ ಮಾಡಿದ್ರೆ ಆಯ್ತು. ಇಲ್ಲಾಂದ್ರೆ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಒಂದು ಸಾಲು. ಬಣ್ಣಬಣ್ಣದ ವೃತ್ತ ರೆಡಿ, ಮಿನಿ ಪ್ರಾಜೆಕ್ಟ್ ರಿಪೋರ್ಟ್‌ನಲ್ಲಿ ಅರ್ಧ ಪುಟವೂ ತುಂಬಿತು! ಆದರೆ ಅದೇ ವೃತ್ತವನ್ನು ಆಮೆಯ ಕೈಲಿ ಬಿಡಿಸಿದಾಗ ನಮಗೆ ಕಂಡದ್ದೇ ಬೇರೆ. ಅದನ್ನು ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ.

ಆಮೆ ಅಂದರೆ ಟರ್ಟಲ್. ಮಕ್ಕಳಿಗಾಗಿ 1967ರಲ್ಲಿ ಅಮೆರಿಕದಲ್ಲಿ ಲೋಗೋ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿತು. ಸೆಮೂರ್ ಪ್ಯಾಪರ್ಟ್, ಸಿಂಥಿಯಾ ಸಾಲೊಮನ್, ವಾಲಿ ಫರ್ಜಿಗ್ ಅದರ ಹಿಂದಿದ್ದವರು. ಆಮೆ ಅದಕ್ಕೆ ಬಂದದ್ದು ಆಮೇಲೆ. ಮುಂದೆ ಹೋಗು, ಎಡಕ್ಕೆ ತಿರುಗು ಅಂತ ಹೇಳಿದರೆ ಗೆರೆ ಎಳೆಯುತ್ತಾ ಹೋಗುವ ಪ್ರಾಣಿ ಅದು. ಮಗು ತನ್ನನ್ನೇ ಆಮೆಯ ಜಾಗದಲ್ಲಿ ಇಟ್ಟುಕೊಂಡು ಯೋಚಿಸಲಿ ಅನ್ನೋದು ಪ್ಯಾಪರ್ಟ್ ಆಸೆ. ಅದೇ ಆಮೆ ಇವತ್ತು ಪೈಥಾನ್ ಒಳಗೂ ಇದೆ, ಬೇರೆ ಏನನ್ನೂ ಇನ್‌ಸ್ಟಾಲ್ ಮಾಡಬೇಕಿಲ್ಲ.

ಪೈ ಚಾರ್ಟ್‌ನ ಒಂದು ತುಂಡು ಬಿಡಿಸೋಕೆ ಆರು ಹೆಜ್ಜೆ ಸಾಕು. ಆಮೆ ವೃತ್ತದ ಮಧ್ಯದಲ್ಲಿ ನಿಂತಿದೆ. ತ್ರಿಜ್ಯದಷ್ಟು ಮುಂದೆ ಹೋಗಲಿ. ಎಡಕ್ಕೆ 90 ಡಿಗ್ರಿ ತಿರುಗಲಿ. ತುಂಡಿನ ಕೋನ ಎಷ್ಟೋ ಅಷ್ಟು ಕಂಸ ಎಳೆಯಲಿ. ಮತ್ತೆ ಎಡಕ್ಕೆ 90. ತ್ರಿಜ್ಯದಷ್ಟು ನಡೆದು ಮಧ್ಯಕ್ಕೆ ವಾಪಸ್ ಬರಲಿ. ಕೊನೆಗೆ 180 ಡಿಗ್ರಿ ತಿರುಗಲಿ. ಒಟ್ಟು ಎಷ್ಟು ತಿರುಗಿತು? 90, 90, 180 ಸೇರಿ ಒಂದು ಪೂರ್ತಿ ಸುತ್ತು, ಅದರ ಮೇಲೆ ತುಂಡಿನ ಕೋನ. ಅಂದರೆ ಈ ತುಂಡು ಮುಗಿದ ಜಾಗಕ್ಕೇ ಮುಖ ಮಾಡಿ ಆಮೆ ಮುಂದಿನ ತುಂಡಿಗೆ ಸಿದ್ಧವಾಗಿರುತ್ತೆ. ಇದನ್ನು ಒಂದು ಲೂಪ್‌ಗೆ ಹಾಕಿದರೆ ಮುಗೀತು.

ಡೇಟಾ ಯಾವುದು ಹಾಕೋದು? ನಾವು ನಮ್ಮ ದಿನವನ್ನೇ ಆರಿಸಿಕೊಂಡೆವು. ದಿನಕ್ಕೆ 24 ಗಂಟೆ, ವೃತ್ತಕ್ಕೆ 360 ಡಿಗ್ರಿ, ಹಾಗಾಗಿ ಗಂಟೆಗೆ 15 ಡಿಗ್ರಿ, 4 ನಿಮಿಷಕ್ಕೆ 1 ಡಿಗ್ರಿ. ಭೂಮಿ ತಿರುಗೋ ಲೆಕ್ಕವೂ ಇದೇ. ಕ್ಲಾಸು, ಲ್ಯಾಬು, ನಿದ್ದೆ, ಮೆಸ್ಸು, ಮೊಬೈಲು ಎಲ್ಲ ಸೇರಿ ಸರಿಯಾಗಿ 24 ಬಂತು. ಆಮೆ ಒಂದು ಸುತ್ತು ಹಾಕಿ ಹೊರಟ ದಿಕ್ಕಿಗೇ ಬಂದು ನಿಂತಿತು. ಮನೆಗೆ ಫೋನ್ ಮಾಡೋದು ಮಾತ್ರ ದಿನಕ್ಕೆ 4 ನಿಮಿಷ. ಆ 1 ಡಿಗ್ರಿಯ ತುಂಡು ಪೆನ್ನಿನ ಗೆರೆಯೊಳಗೇ ಕಳೆದುಹೋಗಿತ್ತು.

ಆವತ್ತು ಸಂಜೆ ನಮ್ಮಲ್ಲಿ ಒಬ್ಬಳು ಆ 4 ನಿಮಿಷದಲ್ಲಿ ಅಮ್ಮನನ್ನು ಕೇಳಿದಳು: "ಅಮ್ಮಾ, ದಿನಾ ಏನೇನ್ ಮಾಡ್ತೀಯ, ಎಷ್ಟೆಷ್ಟೊತ್ತು?"

"ಏನ್ ಮಾಡ್ತೀನಿ, ಮನೆ ಕೆಲ್ಸ ಅಷ್ಟೇ ಕಣೆ" ಅಂದರಂತೆ. ಬಿಡದೆ ಕೇಳಿದ್ದಕ್ಕೆ ಒಂದೊಂದಾಗಿ ಹೇಳಿದರು. ನಿದ್ದೆ 6 ಗಂಟೆ. ಅಡುಗೆ 5. ಕೊಟ್ಟಿಗೆ, ಹಾಲು 4. ಪಾತ್ರೆ, ಬಟ್ಟೆ, ಕಸ 4. ಹೊಲ 2. ಸ್ನಾನ, ಊಟ 1. ಟಿವಿ 1. ಹಾಸಿಗೆ ಹಿಡಿದಿರೋ ಅಜ್ಜಿಯನ್ನು ನೋಡಿಕೊಳ್ಳೋದು 5.

ಕೂಡಿಸಿದರೆ 28!

ಆ ಪಟ್ಟಿಯನ್ನು ಹಾಗೇ ಕೋಡ್‌ಗೆ ಕೊಟ್ಟೆವು. ಆಮೆ 420 ಡಿಗ್ರಿ ತಿರುಗಿತು. ವೃತ್ತ ಮುಗಿದರೂ ನಿಲ್ಲದೆ ಇನ್ನೂ 60 ಡಿಗ್ರಿ ಮುಂದೆ ಹೋಗಿ, ಮೊದಲು ಬಿಡಿಸಿದ್ದ ನಿದ್ದೆಯ ತುಂಡಿನ ಮೇಲೆ ಬಣ್ಣ ಬಳಿಯಿತು. 6 ಗಂಟೆಯ ನಿದ್ದೆಯಲ್ಲಿ 4 ಗಂಟೆ ಅಜ್ಜಿಯ ಆರೈಕೆಯ ಅಡಿಗೆ ಹೋಯ್ತು. ಅಜ್ಜಿ ಪಟ್ಟಿಯ ಕೊನೆಯಲ್ಲಿದ್ದರು ಅಂತ ಹಾಗಾಯ್ತು, ಸಾಲು ಬದಲಿಸಿದರೆ ಬೇರೆ ಕೆಲಸ ಮೇಲೆ ಬರುತ್ತಿತ್ತು. ಆದರೂ ಅವಳು ಫೋನ್‌ನಲ್ಲಿ ಇದನ್ನು ಹೇಳಿದಾಗ ಅಮ್ಮ ನಕ್ಕು, "ಸರಿಯಾಗೇ ಇದೆಯಲ್ಲ, ರಾತ್ರಿ ಅಜ್ಜಿ ಎದ್ರೆ ನಾನೂ ಏಳ್ಬೇಕಲ್ವಾ" ಅಂದರು.

ಕೋಡ್‌ನಲ್ಲಿ ಬಗ್ ಇರಲಿಲ್ಲ, ಅಮ್ಮನ ಲೆಕ್ಕವೂ ತಪ್ಪಿರಲಿಲ್ಲ. ಒಲೆ ಮೇಲೆ ಅನ್ನ ಇಟ್ಟು ಪಾತ್ರೆ ತೊಳೆಯೋರಿಗೆ, ಬಟ್ಟೆ ಒಗೆಯುತ್ತಲೇ ಅಜ್ಜಿ ಕರೆದರೆ ಓಗೊಡೋರಿಗೆ ಒಂದು ಗಂಟೆಯಲ್ಲಿ ಎರಡು ಕೆಲಸ ಇರುತ್ತೆ. ಪೈ ಚಾರ್ಟ್‌ಗೆ ಅದು ಗೊತ್ತಿಲ್ಲ. ಒಂದು ತುಂಡು ಇನ್ನೊಂದರ ಮೇಲೆ ಬರಬಾರದು, ಎಲ್ಲ ಸೇರಿ ಒಂದು ಪೂರ್ಣ ಆಗಬೇಕು ಅನ್ನೋದು ಅದರ ಷರತ್ತು.

ಅದೇ ಪಟ್ಟಿಯನ್ನು ಮ್ಯಾಟ್‌ಪ್ಲಾಟ್‌ಲಿಬ್‌ಗೂ ಕೊಟ್ಟು ನೋಡಿದೆವು. ಅಚ್ಚುಕಟ್ಟಾದ ವೃತ್ತ ಬಂತು! ಅದು ಪ್ರತಿ ಸಂಖ್ಯೆಯನ್ನೂ ಮೊತ್ತದಿಂದ ಭಾಗಿಸಿ 360 ಡಿಗ್ರಿಗೆ ಹೊಂದಿಸಿಬಿಡುತ್ತೆ, ಎಕ್ಸೆಲ್ ಕೂಡ ಅಷ್ಟೇ. ಹೆಚ್ಚಿಗೆ ಬಂದ 4 ಗಂಟೆ ಎಲ್ಲಿಗೆ ಹೋಯ್ತು ಅಂತ ಕೇಳೋಕೂ ಅಲ್ಲಿ ಜಾಗ ಇಲ್ಲ.

ಇದು ಒಂದೇ ಮನೆಯ ಕಥೆಯಲ್ಲ. ರಾಷ್ಟ್ರೀಯ ಸಾಂಖ್ಯಿಕ ಕಚೇರಿ 2019ರಲ್ಲಿ ದೇಶಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಬೆಳಗಿನ ಜಾವ 4ರಿಂದ ಮರುದಿನ 4ರವರೆಗೆ, ಅರ್ಧ ಗಂಟೆಗೊಂದು ಲೆಕ್ಕ. ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಕೊಟ್ಟರೆ, ಗಂಡಸರು 97 ನಿಮಿಷ. ನಮ್ಮ ಆಮೆಯ ಭಾಷೆಯಲ್ಲಿ ಸುಮಾರು 75 ಡಿಗ್ರಿ ಮತ್ತು 24 ಡಿಗ್ರಿ. ಇದೂ ಆ ಕೆಲಸ ಮಾಡಿದವರ ಸರಾಸರಿ ಮಾತ್ರ. ಹೆಂಗಸರಲ್ಲಿ ಹಾಗೆ ಮಾಡಿದವರು ಶೇ. 81, ಗಂಡಸರಲ್ಲಿ ಶೇ. 26ರಷ್ಟು. ಯಾವುದನ್ನು ಪೂರ್ಣ ಅಂತ ಹಿಡಿದಿದ್ದೇವೆ ಅಂತ ನೋಡದಿದ್ದರೆ 97 ಕೂಡ ದೊಡ್ಡದಾಗೇ ಕಾಣುತ್ತೆ.

ಪ್ಲೇಸ್‌ಮೆಂಟ್‌ಗೆ ಆಮೆಯ ಕೋಡ್ ಯಾರೂ ಕೇಳಲ್ಲ, ನಿಜ. ಆದರೆ ನಾಳೆ ನಾವೇ ಡ್ಯಾಶ್‌ಬೋರ್ಡ್ ಕಟ್ಟೋರು, ನಮ್ಮ ವೃತ್ತ ನೋಡಿ ಯಾರೋ ನಿರ್ಧಾರ ಮಾಡ್ತಾರೆ. ಅದಕ್ಕೆ ಮುಂದಿನ ಸಲ ಪೈ ಚಾರ್ಟ್ ಮಾಡುವಾಗ ಮೊದಲು ಮೊತ್ತವನ್ನು ಪ್ರಿಂಟ್ ಮಾಡಿ ನೋಡಿ. 24 ಬರಬೇಕಾದಲ್ಲಿ 28 ಬಂದರೆ ಹೊಂದಿಸೋಕೆ ಹೋಗಬೇಡಿ, ಯಾರ ದಿನ ಅದು ಅಂತ ಕೇಳಿ. ಆಗದಿದ್ದರೆ ಇವತ್ತು ರಾತ್ರಿ ಮನೆಗೆ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿ. 4 ನಿಮಿಷ ಸಾಲಲ್ಲ, ಮೊದಲೇ ಹೇಳಿರ್ತೀವಿ.